ಇ-ಪುಸ್ತಕ ಬಂತು, ಕನ್ನಡ ಪುಸ್ತಕದ ಖರೀದಿ ನಿಂತಿತು

ಬಿ.ಎ. ವಿದ್ಯಾರ್ಥಿನಿ: ಕಾಲೇಜುಗಳು ಚಂದಾ ಕಟ್ಟಿ ಪಡೆಯುವ ಎನ್-ಲಿಸ್ಟ್ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಲಕ್ಷಕ್ಕೂ ಹೆಚ್ಚು ಇ-ಪುಸ್ತಕಗಳಿವೆ, ಹಾಗಾಗಿ ಈ ವರ್ಷ ಹೊಸ ಪುಸ್ತಕಗಳ ಖರೀದಿ ಇಲ್ಲ ಎಂದು ನಮ್ಮ ಕಾಲೇಜಿನ ಸೂಚನಾ ಫಲಕದಲ್ಲಿ ಹಾಕಿದ್ದಾರೆ. ಅಲ್ಲಿ ಹುಡುಕಿದರೆ ನನ್ನ ಐಚ್ಛಿಕ ಕನ್ನಡಕ್ಕೆ ಬೇಕಾದದ್ದು ಒಂದೂ ಸಿಗಲಿಲ್ಲ. ಇದು ಸರಿಯೇ?

ಎಂ.ಕಾಂ. ಹುಡುಗ: ನನಗಂತೂ ಅನುಕೂಲವೇ ಆಗಿದೆ. ಪರೀಕ್ಷೆ ಹತ್ತಿರ ಬಂದಾಗ ಇರುವ ಒಂದೇ ಪ್ರತಿಗೆ ಇಡೀ ತರಗತಿ ಮುಗಿಬೀಳುತ್ತಿತ್ತು. ಈಗ ರಾತ್ರಿ ಹನ್ನೊಂದಕ್ಕೂ ಹಾಸ್ಟೆಲಿನಲ್ಲಿ ಓದಬಹುದು. ಸಾಲದ್ದಕ್ಕೆ, 2025ರಿಂದ ‘ಒಂದು ದೇಶ ಒಂದು ಚಂದಾ’ ಯೋಜನೆಯೂ ಇದೆ.

ಗ್ರಂಥಪಾಲಕಿ: ಆ ಯೋಜನೆಯಲ್ಲಿ ಸಿಗುವುದು ಸುಮಾರು 13,000 ಸಂಶೋಧನಾ ನಿಯತಕಾಲಿಕಗಳು, ಪಠ್ಯಪುಸ್ತಕಗಳಲ್ಲ ತಮ್ಮಾ. ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆ ನಡೆಸುವ ಎನ್-ಲಿಸ್ಟ್‌ನಲ್ಲೂ ಬಹುಪಾಲು ಇಂಗ್ಲಿಷ್ ಪುಸ್ತಕಗಳೇ. ವಾಣಿಜ್ಯ, ವಿಜ್ಞಾನದವರಿಗೆ ಚಿನ್ನದ ಗಣಿ; ಕನ್ನಡದವರಿಗೆ ಬರಿಗೈ. ಬೇಸರದ ಮಾತೆಂದರೆ, ಬಳಕೆದಾರ ಹೆಸರು, ಪಾಸ್‌ವರ್ಡ್ ಮಾಡಿಕೊಡುತ್ತೇನೆ ಬನ್ನಿ ಎಂದರೂ ಮಕ್ಕಳು ಬರುವುದಿಲ್ಲ.

ನಿವೃತ್ತ ಅಧ್ಯಾಪಕ: ಬರುವುದೇಕೆ? ಅನೇಕ ಕಡೆ ಚಂದಾ ಕಟ್ಟುವುದೇ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಕೊಡುವ ವರದಿಯಲ್ಲಿ ತೋರಿಸಲು. ನಮ್ಮ ಕಾಲದಲ್ಲಿ ಅದರ ತಂಡ ಬರುವ ವಾರ ಕಂಪ್ಯೂಟರುಗಳ ಮೇಲಿನ ಹೊದಿಕೆ ತೆಗೆಯುತ್ತಿದ್ದರು, ಹೋದ ಮೇಲೆ ಮತ್ತೆ ಮುಚ್ಚುತ್ತಿದ್ದರು.

ಗ್ರಂಥಪಾಲಕಿ: ಸರ್, ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಾನು ಹೊದಿಕೆ ಹಾಕುವುದು ಸೋರುವ ಮಾಳಿಗೆಗೆ ಹೆದರಿ.

ತಂತ್ರಾಂಶದವನು: ಹಳೆಯ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಜಾಲತಾಣದಲ್ಲಿ ರಾಶಿ ರಾಶಿ ಇವೆ, ಖರಗ್‌ಪುರ ಐಐಟಿಯ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯದಲ್ಲೂ ಹುಡುಕಬಹುದು. ತೊಡಕೇನೆಂದರೆ ಎಷ್ಟೋ ಪುಸ್ತಕಗಳು ಪುಟಗಳ ಬರೀ ಚಿತ್ರ. ‘ವಚನ’ ಎಂದು ಹುಡುಕಿದರೆ ಕಣ್ಣೆದುರಿನ ಪುಟದಲ್ಲೇ ಇದ್ದರೂ ಸಿಗುವುದಿಲ್ಲ. ಹಳೆಯ ‘ನುಡಿ’ ಫಾಂಟಿನಲ್ಲಿ ಸಿದ್ಧಪಡಿಸಿದ ಕಡತಗಳದೂ ಇದೇ ಪಾಡು, ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮೂಡುತ್ತವೆ. ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಯುನಿಕೋಡ್ ಅಕ್ಷರಗಳಲ್ಲೂ ಕೊಡಿ ಎಂದು ಕಾಲೇಜುಗಳು ಪ್ರಕಾಶಕರನ್ನು ಒತ್ತಾಯಿಸಲಿ.

ನಿವೃತ್ತ ಅಧ್ಯಾಪಕ: ಕೃತಿಸ್ವಾಮ್ಯ ಮುಗಿಯದ ಪುಸ್ತಕಗಳ ಗತಿ? ಲೇಖಕ ತೀರಿಕೊಂಡು 60 ವರ್ಷ ಆಗುವವರೆಗೆ ಕಾಯಬೇಕೇ? ಇಂದಿನ ವಿಮರ್ಶೆ ಓದಬೇಕಾದವರಿಗೆ ಅಚ್ಚಾದ ಪ್ರತಿಯನ್ನೇ ಕೊಳ್ಳಬೇಕು.

ಎಂ.ಕಾಂ. ಹುಡುಗ: ಕೊಳ್ಳಲಿ, ಬೇಡ ಎಂದವರು ಯಾರು? ನಮ್ಮ ಇ-ಪುಸ್ತಕಕ್ಕೆ ಕತ್ತರಿ ಹಾಕದಿದ್ದರೆ ಸಾಕು.

ಗ್ರಂಥಪಾಲಕಿ: ಹುಡುಗಿ, ಬೇಕಾದ ಪುಸ್ತಕಗಳ ಪಟ್ಟಿಗೆ ನಿಮ್ಮ ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ ಗ್ರಂಥಾಲಯ ಸಮಿತಿಗೆ ಕೊಡು. ಬಾಯಿಮಾತಿನ ಬೇಡಿಕೆ ಸಭೆಯ ನಡಾವಳಿಗೆ ಸೇರುವುದಿಲ್ಲ.

ಬಿ.ಎ. ವಿದ್ಯಾರ್ಥಿನಿ: ಸರಿ ಮೇಡಂ, ಪಟ್ಟಿ ಕೊಡುತ್ತೇವೆ. ಖರೀದಿ ನಿಂತರೂ ಗ್ರಂಥಾಲಯ ಶುಲ್ಕ ಒಂದು ರೂಪಾಯಿಯೂ ಇಳಿದಿಲ್ಲ. ಅದರ ಲೆಕ್ಕವನ್ನೂ ಅದೇ ಅರ್ಜಿಯಲ್ಲಿ ಕೇಳುತ್ತೇವೆ.