ಮೆಣಸಿನಕಾಯಿ ಬಿಡಿಸಾಕ ಟ್ರೇಲರ್‌ನಾಗ ಆಳು ಒಯ್ಯೋದು: ಸುತ್ತ ಪೈಪು ಹಚ್ಚಿದ್ರ ಸಾಕೇನ್ರಿ?

ಎರಿಹೊಲ (ಬ್ಯಾಡಗಿ ತಾಲೂಕು):
ಹೊಲ ಊರಿಂದ 4 ಕಿ.ಮೀ. ಅದರಾಗ ಒಂದೂವರೆ ಡಾಂಬರು, ಉಳಿದದ್ದು ಎರಿ ದಾರಿ. ದಿನಾ 14 ಮಂದಿ ಹೆಣ್ಣಾಳು. ಟ್ರೇಲರ್ ಸುತ್ತ 3 ಫೂಟಿನ ಪೈಪು ಹಚ್ಚಿಸಿ, 20ರ ಸ್ಪೀಡಿನಾಗ ಹೊಡದ್ರ ಬೀಳೋದು ತಪ್ಪತೈತೇನು? ಟ್ರ್ಯಾಕ್ಟರ್ ಮಡ್‌ಗಾರ್ಡ್ ಮ್ಯಾಲೆ ಇಬ್ರು ಕುಂತ್ರ ನಡೀತೈತೇನು?

ಗಾಲಿಗುರುತು (ಗದಗ):
ಮಡ್‌ಗಾರ್ಡ್ ಮಾತು ಮೊದಲು ಬಿಡ್ರಿ. ಅಲ್ಲಿಂದ ಜಾರಿದವರು ಟ್ರೇಲರ್ ಗಾಲಿಯ ಮುಂದನ ಬೀಳತಾರ. 20ರ ಸ್ಪೀಡಂದ್ರ ಸೆಕೆಂಡಿಗೆ ಐದೂವರೆ ಮೀಟರ್. ಡ್ರೈವರ್ ಕಾಲು ಬ್ರೇಕಿಗೆ ಹೋಗೋದ್ರಾಗ ಗಾಲಿ ಹಾದುಹೋಗಿರತೈತಿ. ಟ್ರ್ಯಾಕ್ಟರಿಗೆ ಟ್ರೇಲರ್ ಜೋಡಸೋ ಹುಕ್ಕಿನ ದಂಡದ ಮ್ಯಾಲೆ ನಿಲ್ಲೋದೂ ಹಂಗ.

20 ಕಡಿಮಿ ಅನ್ನಬ್ಯಾಡ್ರಿ. ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ತಲಿ ನೆಲಕ್ಕ ಬಡಿಯೋದ ಗಂಟೆಗೆ 19 ಕಿ.ಮೀ. ವೇಗದಾಗ, ಗಾಡಿ ಓಟ ಬ್ಯಾರೆ. 10 ಮೀಟರ್ ತ್ರಿಜ್ಯದ ತಿರುವಿನಾಗ ಅದ ಸ್ಪೀಡಿಗೆ 60 ಕೆ.ಜಿ. ಆಳನ್ನ 19 ಕೆ.ಜಿ.ಯಷ್ಟು ಜೋರು ಹೊರಗ ಎಳಿತೈತಿ. 3 ಫೂಟಿನ ಪೈಪು ತಳದಾಗ ಕುಂತವರಿಗೆ ಆಸರ. ನಿಂತವರಿಗೆ ಸೊಂಟಕ್ಕ ಬರತೈತಿ, ಕುಲುಕಿದ್ರ ಅದರ ಮ್ಯಾಲಿಂದನ ಉರುಳತಾರ.

ವೆಲ್ಡಿಂಗ್ ಕಟ್ಟಿ (ಹುಬ್ಬಳ್ಳಿ):
ಪೈಪಿಗಿಂತ ಮೊದಲು ಹಿಂದಿನ ಬಾಗಿಲು ನೋಡ್ರಿ. ತೆಗ್ಗಿನಾಗ ಕೊಂಡಿ ಜಿಗಿದು ಬಿಚ್ಚತಾವು, ಅದಕ್ಕ ಒರಗಿದವರು ಹಿಂದಕ್ಕ ಹೋಗತಾರ. ಎರಡೂ ಕೊಂಡಿಗೆ ಪಿನ್ನು, ಪಿನ್ನಿಗೆ ಕ್ಲಿಪ್ ಇರಲಿ. ಹುಕ್ಕಿನ ಪಿನ್ನಿಗೂ ಕ್ಲಿಪ್ ಬೇಕು, ಜೊತಿಗೆ ಒಂದು ಸರಪಳಿ. ರೋಡಿಗೆ ಬರೋ ಮುಂಚೆ ಎಡಬಲ ಬ್ರೇಕ್ ಪೆಡಲ್ ಎರಡನ್ನೂ ಕೂಡಿಸಿ ಲಾಕ್ ಮಾಡ್ರಿ. ರಂಟಿ ಹೊಡದು ಬಂದವರು ಇದನ್ನ ಮರೀತಾರ, ಒಂದ ಪೆಡಲ್ ಒತ್ತಿದ್ರ ಟ್ರ್ಯಾಕ್ಟರ್ ಒಂದ ಕಡಿ ತಿರುಗಿಬಿಡತೈತಿ.

ಇಳಿಯೋವಾಗ ಇನ್ನೂ ಜ್ವಾಕಿ. ಗಾಡಿ ನಿಲ್ಲೋ ಮುಂಚೆ ಜಿಗಿದ್ರ ಕಾಲು ನೆಲಕ್ಕ ನಿಲ್ಲತಾವು, ಮೈ ಮುಂದ ಹೋಗತೈತಿ. ಸೀರಿ ಸೆರಗು ಕೊಂಡಿಗೆ ಸಿಕ್ಕಿದ್ರಂತೂ ಕೈ ಊರಾಕೂ ಆಗಂಗಿಲ್ಲ. ಹಿಂದ ಎರಡು ಮೆಟ್ಟಿಲು ವೆಲ್ಡ್ ಮಾಡಸ್ರಿ, ಒಬ್ರ ಕೈಯಾಗ ಸೀಟಿ ಕೊಡ್ರಿ, ಎರಡು ಸೀಟಿ ಕೇಳೋತನಕ ಕ್ಲಚ್ ಬಿಡಬಾರದು.

ದವಾಖಾನಿ ಕಡೆಯವರು (ಧಾರವಾಡ):
ಟ್ರೇಲರ್ ಸಾಮಾನು ಹೇರಲಿಕ್ಕೆ ಇರುವಂಥದ್ದು. ಕೃಷಿಗೆ ಅಂತ ಮಾಡಿಸಿದ ವಿಮಾ ಪಾಲಿಸಿಯಲ್ಲಿ ಅದರಲ್ಲಿ ಕೂತವರು ತಾನಾಗೇ ಸೇರೋದಿಲ್ಲ. ಹೊರಗೆ ಜೋತುಬಿದ್ದು ಹೋಗುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 123ನೇ ಕಲಮೇ ತಡೆಯುತ್ತದೆ. ನನ್ನ ಕೇಳಿದರೆ, ಡಾಂಬರು ಮುಗಿಯುವ ತನಕ ಟಂಟಂ, ಮುಂದೆ ಎರಡೂವರೆ ಕಿ.ಮೀ. ನಡಿಗೆ.

ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ. ಇಬ್ಬರ ನಡುವೆ ಬೈಕಿನಲ್ಲಿ ಕೂರಿಸುವುದಂತೂ ಬೇಡವೇ ಬೇಡ, ಕುತ್ತಿಗೆ ಮುರಿದಿದ್ದರೆ ಆ ದಾರಿಯಲ್ಲೇ ನರಕ್ಕೆ ಪೆಟ್ಟಾಗಬಹುದು. 108ಕ್ಕೆ ಫೋನ್ ಮಾಡಿ, ಒಬ್ಬರು ತಲೆ ಅಲುಗದಂತೆ ಹಿಡಿದಿರಲಿ. ಸೊಂಟದ ಮೇಲೆ ಗಾಲಿ ಹೋಗಿದ್ದರೆ ಕಾಲು ಅಗಲಿಸಬೇಡಿ. ತೊಡೆಯ ಎಲುಬು ಶುರುವಾಗುವ ಮಟ್ಟದಲ್ಲಿ ಅಗಲ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿ, ಒಳಗಿನ ರಕ್ತಸ್ರಾವ ಅಷ್ಟು ಹಿಡಿತಕ್ಕೆ ಬರುತ್ತದೆ. ಎದ್ದು ಓಡಾಡಿದರೂ ಒಂದು ದಿನ ಒಂಟಿಯಾಗಿ ಬಿಡಬೇಡಿ. ವಾಂತಿ, ಮಂಪರು, ಕಿವಿಯಿಂದ ನೀರು ಕಂಡರೆ ತಡಮಾಡದೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ.