‘ಬ್ಯಾಕೆಂಡ್’ಗೆ ‘ಹಿಮ್ಮೇಳ’ ಅಂದರೆ ಆದೀತೇ?

ಗೆಳೆಯರೇ, ನಮಸ್ಕಾರ.

ಎರಡು ವಾರದಿಂದ ಒಂದೇ ಪದಕ್ಕೆ ತಲೆ ಕೆರೆದುಕೊಳ್ಳುತ್ತಿದ್ದೇನೆ. ‘ಬ್ಯಾಕೆಂಡ್’.

ಸಾಗರದ ಕಡೆಯ ಅಡಿಕೆ ಬೆಳೆಗಾರರ ಸಣ್ಣ ಗುಂಪೊಂದಕ್ಕೆ ಕೈಪಿಡಿ ಬರೆದುಕೊಡುತ್ತಿದ್ದೇನೆ. ತೋಟದ ಪಂಪನ್ನು ಮೊಬೈಲಿನಿಂದಲೇ ಚಾಲೂ ಮಾಡುವ, ಸಿಮ್ ಹಾಕುವ ಪೆಟ್ಟಿಗೆ ಇರುತ್ತದಲ್ಲ, ಅದನ್ನು ಇವರು ತಾವೇ ಮಾಡಿಸಿಕೊಳ್ಳಲು ಹೊರಟಿದ್ದಾರೆ. ಆಪ್ ಬರೆಯಲು ಊರಿನ ಹುಡುಗರೇ ಇದ್ದಾರೆ. ಪೆಟ್ಟಿಗೆಗೂ ಜನ ಸಿಕ್ಕಿದ್ದಾರೆ. ಆದರೆ ಇವೆರಡರ ನಡುವೆ ಕೂತು ಲೆಕ್ಕ ಇಡುವ, ಯಾರ ಪಂಪನ್ನು ಯಾರು ಹಾಕಬಹುದು ಎಂದು ನೋಡಿಕೊಳ್ಳುವ ಸೇವೆಯನ್ನು, ಅಂದರೆ ಈ ಬ್ಯಾಕೆಂಡನ್ನು, ಬಾಡಿಗೆಗೆ ಹಿಡಿಯಬೇಕು. ಅದನ್ನು ಯಾರಿಂದ ಹಿಡಿಯುವುದು ಎಂಬ ಅಧ್ಯಾಯ ನನ್ನ ಪಾಲಿಗೆ ಬಂದಿದೆ.

ಮೊದಲ ಕರಡಿನಲ್ಲಿ ‘ಮೋಡಾಧಾರಿತ ಹಿನ್ನೆಲೆ ಸೇವಾ ಪೂರೈಕೆದಾರರ ಆಯ್ಕೆ’ ಎಂದು ಬರೆದಿದ್ದೆ. ನಮ್ಮ ಭಾವ ಓದಿ, “ಇದೇನು, ಮಳೆ ಮುನ್ಸೂಚನೆಯಾ?” ಅಂದರು. ಅಡಿಕೆಯವರಿಗೆ ಮೋಡ ಅಂದರೆ ಕೊಳೆರೋಗ, ಬೋರ್ಡೋ ದ್ರಾವಣ ಹೊಡೆಯುವ ಚಿಂತೆ. ಮೋಡವನ್ನು ಅಲ್ಲಿಗೇ ಬಿಟ್ಟೆ. ಇಂಟರ್ನೆಟ್ಟಿನ ಮೂಲಕ ಬೇರೆಯವರ ಕಂಪ್ಯೂಟರನ್ನು ಬಳಸುವುದಕ್ಕೆ ‘ಕ್ಲೌಡ್’ ಅಂತಲೇ ಇರಲಿ. ಅದರ ಬಗ್ಗೆ ನನಗೆ ಜಗಳವಿಲ್ಲ.

ಜಗಳ ಇರುವುದು ‘ಹಿನ್ನೆಲೆ’ಯ ಜೊತೆ. ‘ಅವರ ಮನೆತನದ ಹಿನ್ನೆಲೆ ಏನು’ ಅನ್ನುತ್ತೇವೆ, ಹಿನ್ನೆಲೆ ಗಾಯಕ ಅನ್ನುತ್ತೇವೆ. ಆ ಪದಕ್ಕೆ ಆಗಲೇ ಕೈತುಂಬಾ ಕೆಲಸವಿದೆ. ‘ಹಿಂಬದಿ’ ಅಂದರೆ ಸ್ಕೂಟರಿನ ಹಿಂಬದಿ ಸವಾರ ಕಣ್ಣೆದುರು ಬರುತ್ತಾನೆ. ‘ಹಿಂಬಾಗಿಲು’ ಬೇಡವೇ ಬೇಡ, ಲಂಚದ ವಾಸನೆ. ‘ಹಿತ್ತಲು’ ಅಂತ ಸುಮ್ನೆ ಒಂದು ದಿನ ಆಸೆಪಟ್ಟೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನೆನಪಾಗಿ ನಾನೇ ನಕ್ಕೆ.

ಆಮೇಲೆ ಒಂದು ರಾತ್ರಿ ಆಟ ನೋಡುವಾಗ ಹೊಳೆದದ್ದು ಹಿಮ್ಮೇಳ. ಯಕ್ಷಗಾನದಲ್ಲಿ ವೇಷ ಕಟ್ಟಿ ಕುಣಿಯುವವರು ಮುಮ್ಮೇಳ. ಭಾಗವತರು, ಮದ್ದಳೆ, ಚೆಂಡೆ ಎಲ್ಲ ಹಿಮ್ಮೇಳ. ಜೋಡಿಯೇ ಸಿದ್ಧವಾಗಿದೆ ನೋಡಿ: ಕಣ್ಣೆದುರು ಕಾಣುವ ಆಪಿಗೆ, ಅಂದರೆ ಫ್ರಂಟೆಂಡಿಗೆ ಮುಮ್ಮೇಳ, ಬ್ಯಾಕೆಂಡಿಗೆ ಹಿಮ್ಮೇಳ. ಮುಂಗಾಲು–ಹಿಂಗಾಲು, ಮುಂಗಾರು–ಹಿಂಗಾರು ಇದ್ದ ಹಾಗೆ. ಕೆಲಸವೂ ಹೊಂದುತ್ತದೆ. ಭಾಗವತರು ಪದ ಎತ್ತದೆ ವೇಷ ಹೆಜ್ಜೆ ಹಾಕುವುದಿಲ್ಲ. ಆಪಿನಲ್ಲಿ ಹಸಿರು ಗುಂಡಿ ಒತ್ತಿದರೂ ಅಷ್ಟೇ, ಹಿಂದಿನಿಂದ ಅಪ್ಪಣೆ ಬಾರದೆ ಪಂಪು ತಿರುಗುವುದಿಲ್ಲ.

ಗುಂಪಿನ ಹುಡುಗಿಯೊಬ್ಬಳು ತಕರಾರು ತೆಗೆದಳು. “ಹಿಮ್ಮೇಳ ರಂಗದ ಮೇಲೇ ಕಾಣುತ್ತದೆ. ಕಣ್ಣಿಗೆ ಬೀಳದ್ದು ಚೌಕಿ. ಬ್ಯಾಕೆಂಡ್ ಅಂದರೆ ಚೌಕಿ ಅಲ್ವಾ?” ಮಾತು ಸರಿ. ಆದರೆ ಚೌಕಿಯಲ್ಲಿ ಬಣ್ಣ ಹಚ್ಚಿ, ವೇಷ ಕಟ್ಟಿ ಕಳಿಸುತ್ತಾರೆ. ಆಟ ನಡೆಸುವುದಿಲ್ಲ. ನನ್ನ ಓಟು ಇನ್ನೂ ಹಿಮ್ಮೇಳಕ್ಕೇ.

ಇದೇ ಅಧ್ಯಾಯದಲ್ಲಿ ‘ಬ್ರೋಕರ್’ ಕೂಡ ಬರುತ್ತದೆ. ಇಂಥ ಪೆಟ್ಟಿಗೆಗಳು ಮಾತಾಡಲು ಬಳಸುವ ಎಂಕ್ಯೂಟಿಟಿ ಎಂಬ ಪದ್ಧತಿ 1999ರದ್ದು. ಎಣ್ಣೆ ಪೈಪುಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು ಹುಟ್ಟಿದ್ದು. ಅದರಲ್ಲಿ ಪಂಪಿಗೂ ಫೋನಿಗೂ ನೇರ ಪರಿಚಯವಿಲ್ಲ. ಪಂಪು ತನ್ನ ಸುದ್ದಿಯನ್ನು ನಡುವಿನವನಿಗೆ ಕೊಡುತ್ತದೆ. ಆ ಸುದ್ದಿ ಬೇಕೆಂದು ಹೇಳಿಟ್ಟವರಿಗೆ ಅವನು ತಲುಪಿಸುತ್ತಾನೆ. ಇದಕ್ಕೆ ‘ದಲ್ಲಾಳಿ’ ಎಂದು ಬರೆದೆ. ಅಡಿಕೆ ಮಂಡಿಯ ವ್ಯಾಪಾರ ಕಂಡವರಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಒಬ್ಬ ಹಿರಿಯರು ಮಾತ್ರ, “ಕಮಿಷನ್ ಎಷ್ಟು?” ಎಂದು ಕೇಳಿದರು. ತಮಾಷೆಯೇನಲ್ಲ, ಸಂದೇಶದ ಲೆಕ್ಕದ ಮೇಲೆ ದುಡ್ಡು ತೆಗೆದುಕೊಳ್ಳುವ ಸೇವೆಗಳು ಇವೆ. ನಿಮಿಷಕ್ಕೊಮ್ಮೆ ವರದಿ ಕಳಿಸುವ ಒಂದು ಪೆಟ್ಟಿಗೆ ದಿನಕ್ಕೆ 1,440 ಸಂದೇಶ ಕಳಿಸುತ್ತದೆ. ನೂರು ತೋಟಕ್ಕೆ ಗುಣಿಸಿ ನೋಡಿ.

ಪದ ಸಿಗದೆ ಒದ್ದಾಡುತ್ತಿರುವ ಇನ್ನೊಂದು ಜಾಗ ಇದೆ. ಒಬ್ಬರ ಸೇವೆಗೆ ಒಗ್ಗಿಕೊಂಡ ಮೇಲೆ ಬಿಟ್ಟುಬರಲು ಆಗದ ಸ್ಥಿತಿಗೆ ಏನನ್ನೋಣ? ನಮ್ಮ ಮಾವನ ಪಂಪ್‌ಹೌಸಿನ ಗೋಡೆಯ ಮೇಲೆ ಅಂಥದೇ ಒಂದು ಪೆಟ್ಟಿಗೆ ಈಗಲೂ ನೇತಾಡುತ್ತಿದೆ. ಮಾರಿದ ಕಂಪನಿ ಸರ್ವರ್ ನಿಲ್ಲಿಸಿತು. ಸರ್ವರಿನ ವಿಳಾಸ ಪೆಟ್ಟಿಗೆಯೊಳಗೇ ಕೂತಿದೆ, ನಾವು ಬದಲಿಸುವ ಹಾಗಿಲ್ಲ. ಮೂರು ಲೈಟಿನಲ್ಲಿ ಒಂದು ಮಾತ್ರ ಮಿಣುಕುತ್ತದೆ, ಹಿಂದೆ ಹಲ್ಲಿ ಮೊಟ್ಟೆ ಇಟ್ಟಿದೆ. ದೊಡ್ಡವರೇ ಮುಚ್ಚಿದ್ದೂ ಉಂಟು. ಆಪ್‌ಗಳಿಗೆ ಬ್ಯಾಕೆಂಡ್ ಒದಗಿಸುತ್ತಿದ್ದ ಪಾರ್ಸ್ ಎಂಬ ಸೇವೆಯನ್ನು ಫೇಸ್‌ಬುಕ್ 2013ರಲ್ಲಿ ಕೊಂಡು 2017ರ ಜನವರಿಯಲ್ಲಿ ನಿಲ್ಲಿಸಿತು. ಪುಣ್ಯಕ್ಕೆ, ಬೇಕಾದವರು ತಾವೇ ನಡೆಸಿಕೊಳ್ಳಲೆಂದು ಸರ್ವರಿನ ಕೋಡನ್ನು ಬಿಟ್ಟುಕೊಟ್ಟಿತ್ತು. ಇಂಥ ಪೆಟ್ಟಿಗೆಗಳನ್ನು ಕ್ಲೌಡಿಗೆ ಜೋಡಿಸುತ್ತಿದ್ದ ತನ್ನ ಐಒಟಿ ಕೋರ್ ಸೇವೆಯನ್ನು ಗೂಗಲ್ ಒಂದು ವರ್ಷ ಮೊದಲೇ ಹೇಳಿ 2023ರ ಆಗಸ್ಟ್‌ನಲ್ಲಿ ಮುಚ್ಚಿತು.

ಇದಕ್ಕೆ ‘ಕಟ್ಟುಬೀಳುವುದು’ ಎಂದು ಬರೆದಿದ್ದೇನೆ. ಭಾವನ ಸಲಹೆ ‘ಮಂಡಿ ಮುಂಗಡ’. ಮಂಡಿಯಿಂದ ಮುಂಗಡ ತಂದವನು ಬೇರೆ ಕಡೆ ಧಾರಣೆ ಜಾಸ್ತಿ ಇದ್ದರೂ ಅಡಿಕೆಯನ್ನು ಅದೇ ಮಂಡಿಗೆ ಹಾಕಬೇಕು. ಹೋಲಿಕೆ ಚೆನ್ನಾಗಿದೆ, ಆದರೆ ನಮ್ಮ ಕಡೆ ಬಿಟ್ಟು ಬೇರೆಯವರಿಗೆ ತಲುಪುತ್ತದೋ ಇಲ್ಲವೋ.

ಹಿಮ್ಮೇಳದ ಬಗ್ಗೆ ಇರುವ ಅನುಮಾನವೂ ಅದೇ. ತುಮಕೂರು, ಗದಗ, ಬೀದರ್ ಕಡೆಯವರು ಹೇಳಿ: ಈ ಪದ ಕೇಳಿದರೆ ನಿಮಗೆ ಮೊದಲು ನೆನಪಾಗುವುದು ಹಾಡುಗಾರನ ಹಿಂದೆ ದನಿಗೂಡಿಸುವವರೋ, ಅಥವಾ ಮುಖಂಡರ ಹಿಂದೆ ‘ಹೂಂ’ಗುಟ್ಟುವವರೋ? ಎರಡನೆಯದಾದರೆ ಕಷ್ಟ. ಯಾಕೆಂದರೆ ನೆಟ್‌ವರ್ಕ್ ಹೋದಾಗ ಆಪಿನಲ್ಲಿ ಕಾಣಿಸಲು ‘ಹಿಮ್ಮೇಳ ಸಿಗುತ್ತಿಲ್ಲ, ಸ್ವಲ್ಪ ಹೊತ್ತು ಬಿಟ್ಟು ನೋಡಿ’ ಎಂದು ಹುಡುಗರು ಆಗಲೇ ಹಾಕಿಬಿಟ್ಟಿದ್ದಾರೆ. ಕೈಪಿಡಿ ಮುಂದಿನ ವಾರ ಪ್ರೆಸ್ಸಿಗೆ ಹೋಗಬೇಕು.