ಚಿನ್ನಿಯ ಮಣ್ಣಿನ ಮನೆ ವಿಷಯ, ಅತ್ತೆ ಹೇಳಿದ್ದು

ಬೇಬಿ, ನಿನ್ನ ಮೆಸೇಜ್ ಬೆಳಿಗ್ಗೆನೇ ನೋಡಿದೆ. ನಿನ್ನ ಮಗಳು ಚಿನ್ನಿ ಪುಣೆಯ ಹಿಂಜವಡಿಯ ಕೆಲಸ ಬಿಟ್ಟು ಮಣ್ಣಿನ ಮನೆ ಕಟ್ಟೋದು ಕಲಿಯೋಕೆ ಹೋಗುತ್ತಾಳಂತೆ, ಮುಳಶಿ ಕಡೆ ಜಾಗವನ್ನೂ ನೋಡಿ ಬಂದಿದ್ದಾಳಂತೆ, ಭಾನುವಾರದೊಳಗೆ ಅಡ್ವಾನ್ಸ್ ಕೊಡಬೇಕಂತೆ, ಆ ಮಳೆಗೆ ಮನೆ ಕರಗಿ ಹೋದರೆ ಏನು ಗತಿ ಅತ್ತೆ ಅಂತ ಕೇಳಿದ್ದೀಯ. ಟೈಪ್ ಮಾಡೋಕೆ ನನ್ನ ಬೆರಳು ಮಾತು ಕೇಳುವುದಿಲ್ಲ. ಫೋನಿಗೆ ಹೇಳುತ್ತಿದ್ದೇನೆ, ಅದೇ ಬರೆದುಕೊಳ್ಳುತ್ತದೆ. ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ಮಣ್ಣಿನ ಮನೆ ಅಂದರೆ ನೀವೆಲ್ಲ ಹೀಗೆ ಹೆದರೋದು ನೋಡಿದರೆ ನಗು ಬರುತ್ತದೆ. ನಮ್ಮ ತವರಿನ ಗದಗಿನ ಮನೆ ಮತ್ತೆ ಯಾವುದರದ್ದಾಗಿತ್ತು? ಎರಡಡಿ ದಪ್ಪ ಮಣ್ಣಿನ ಗೋಡೆ, ಮೇಲ್ಮುದ್ದೆ ಅಂದರೆ ಮಣ್ಣು ಹೊದಿಸಿದ ಮಾಳಿಗೆ, ನಡುಮನೆಯಲ್ಲಿ ಒಂದೇ ಒಂದು ಬೆಳಕಿಂಡಿ. ಏಪ್ರಿಲ್ ಬಿಸಿಲಲ್ಲಿ ಹೊರಗಿಂದ ಬಂದು ಕೂತರೆ ಬಾವಿಗೆ ಇಳಿದ ಹಾಗೆ ತಂಪು. ಮಣ್ಣು ತಾನಾಗಿ ಬೀಳುವುದಿಲ್ಲ. ಬೀಳಿಸೋದು ನಾವು. ಹೇಗೆ ಅಂತ ನನಗೆ ಗೊತ್ತು, ಯಾಕೆಂದರೆ ನಾನೇ ಬೀಳಿಸಿದ್ದೇನೆ.

ಪುಣೆಯಿಂದ ಖಡಕವಾಸಲಾ ದಾಟಿ ಡೋಣಜೆ ಕಡೆ ನಿಮ್ಮ ಮಾವ ಕೊಂಡ ಆ ಹಳೆಯ ಮನೆ ನೆನಪಿದೆಯಾ? ನೀನು ಆಗ ಲಂಗ ಹಾಕುತ್ತಿದ್ದೆ. ಮಣ್ಣಿನ ಗೋಡೆ, ಮಂಗಳೂರು ಹೆಂಚು, ಸೆಗಣಿ ನೆಲ. ಚೆನ್ನಾಗಿಯೇ ಇತ್ತು. ಆಮೇಲೆ 1993ರಲ್ಲಿ ಲಾತೂರ್ ಕಡೆಯ ಕಿಲ್ಲಾರಿ ಭೂಕಂಪ ಆಯಿತಲ್ಲ, ಅನಂತ ಚತುರ್ದಶಿಯ ಗಣಪತಿ ಕಳಿಸಿದ ಮರುದಿನ, ಸೆಪ್ಟೆಂಬರ್ 30ರ ಬೆಳಗಿನ ಜಾವ. ಎಷ್ಟೋ ಸಾವಿರ ಜನ ಮಲಗಿದ್ದಲ್ಲೇ ಹೋದರು. ಅಲ್ಲಿ ಬಿದ್ದದ್ದು ಗುಂಡುಕಲ್ಲನ್ನು ಮಣ್ಣಲ್ಲಿ ಕೂರಿಸಿದ ಗೋಡೆ, ಮೇಲೆ ರಾಶಿ ಮಣ್ಣಿನ ಭಾರ, ಮೂಲೆಗಳಲ್ಲಿ ಹಿಡಿತವೇ ಇಲ್ಲ. ಆದರೆ ಅದನ್ನೆಲ್ಲ ಬಿಡಿಸಿ ನೋಡುವವರು ಯಾರು? ಮಣ್ಣು ಅಂದರೆ ಸಾವು ಅಂತ ಇಡೀ ಮಹಾರಾಷ್ಟ್ರ ಹೆದರಿತು. ನಿಮ್ಮ ಮಾವನೂ ಹೆದರಿದರು. ಕಂಟ್ರಾಕ್ಟರ್ ಬಂದು ಗೋಡೆ ತಟ್ಟಿ ನೋಡಿ, ಒಳಗೆ ಹೊರಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಬಿಡಿ ಸಾಹೇಬರೇ, ಪಕ್ಕಾ ಆಗುತ್ತದೆ ಅಂದ. ಮಾಡಿಸಿದೆವು. ನೆಲಕ್ಕೂ ಸಿಮೆಂಟ್. ಮೇಲೆ ತಿಳಿ ಹಸಿರು ಆಯಿಲ್ ಪೇಂಟ್. ಆ ಬಣ್ಣ ಆರಿಸಿದ್ದು ನಾನು, ಒಪ್ಪಿಕೊಳ್ಳುತ್ತೇನೆ.

ಒಂದು ಮಳೆಗಾಲ ಏನೂ ಆಗಲಿಲ್ಲ. ಎರಡನೆಯದಕ್ಕೆ ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಹೂ ಬಿಟ್ಟಿತು. ಬೆರಳಿಂದ ತಟ್ಟಿದರೆ ಡಬ ಡಬ ಅನ್ನುತ್ತಿತ್ತು. ಕ್ಯಾಲೆಂಡರಿನ ಮೊಳೆ ಕಿತ್ತು ಬಂತು, ಜೊತೆಗೆ ಒಂದು ಹಿಡಿ ಒದ್ದೆ ಮಣ್ಣು. ಪಕ್ಕದ ಮನೆಯ ಆಜಿ ಗೋಡೆಗೆ ಕೈಯಿಟ್ಟು, ಭಿಂತೀಲಾ ದಮ ಲಾಗಲಾಯ ಅಂದಳು. ಗೋಡೆಗೆ ಉಸಿರು ಕಟ್ಟಿದೆ ಅಂತ. ನಾವು ನಕ್ಕೆವು.

1996ರ ಆಗಸ್ಟ್. ರಾತ್ರಿ ಎರಡು ಗಂಟೆ ಇರಬೇಕು. ಅಡುಗೆಮನೆ ಕಡೆಯಿಂದ ಧಪ್ ಅಂತ ಒಂದೇ ಸದ್ದು. ಟಾರ್ಚ್ ಹಿಡಿದು ಹೋದರೆ ಗೋಡೆ ಇಲ್ಲ, ಮಳೆ ನೇರ ಒಲೆಯ ಮೇಲೆ ಸುರಿಯುತ್ತಿದೆ. ಹಸಿರು ಪ್ಲಾಸ್ಟರು ಮಾತ್ರ ಒಂದು ಕಡೆ ಹಪ್ಪಳದ ಹಾಗೆ ನಿಂತಿತ್ತು, ನಮ್ಮ ಡಬ್ಬಿಯ ಕಪಾಟು ಅದಕ್ಕೇ ಜೋತು ಬಿದ್ದಿತ್ತು. ಅದರ ಹಿಂದಿದ್ದ ಮಣ್ಣು ಚಪಾತಿ ಹಿಟ್ಟಿನ ಹಾಗೆ ಮೆತ್ತಗಾಗಿತ್ತು, ಕೈ ಹಾಕಿದರೆ ಮೊಣಕೈವರೆಗೆ ಹೋಗುತ್ತಿತ್ತು. ಗೋಧಿ ಡಬ್ಬಿ ಎರಡು ದಿನ ಆದಮೇಲೆ ಸಿಕ್ಕಿತು. ಆ ಗೋಡೆಯ ಪಕ್ಕ ಯಾರೂ ಮಲಗಿರಲಿಲ್ಲ, ನಮ್ಮ ಪುಣ್ಯ.

ಯಾಕೆ ಹಾಗಾಯಿತು ಅಂದರೆ, ನೆಲದ ತೇವ ಗೋಡೆಗೆ ಏರುತ್ತದೆ, ಮಳೆಯದೂ ಸ್ವಲ್ಪ ಹೀರುತ್ತದೆ. ಮಣ್ಣಿನ ಗಾರೆ, ಸುಣ್ಣದ ಗಾರೆ ಆದರೆ ಬಂದ ನೀರು ಬಿಸಿಲು ಬಿದ್ದಾಗ ಅದೇ ಮೈಯಿಂದ ಆರಿ ಹೋಗುತ್ತದೆ. ಸಿಮೆಂಟ್ ಬಳಿದರೆ ದಾರಿ ಬಂದ್. ಬಿರುಕಿನಿಂದ ನೀರು ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ. ಚಿನ್ನಿಗೆ ಹೇಳು, ಮಣ್ಣಿನ ಗೋಡೆಯ ಮೇಲೆ ಸಿಮೆಂಟ್ ಬಳಿಯಬೇಡ. ಯಾರು ಪಕ್ಕಾ ಅಂದರೂ ಬಳಿಯಬೇಡ.

ಇಟ್ಟಿಗೆ ಮಾಡುವಾಗ ಮಣ್ಣಿನೊಳಗೆ ನೂರಕ್ಕೆ ಐದೋ ಎಂಟೋ ಪಾಲು ಸಿಮೆಂಟ್ ಕಲಸಿ ಮೆಷಿನಿನಲ್ಲಿ ಒತ್ತುತ್ತಾರೆ, ಅದು ಬೇರೆ. ಬೆಂಗಳೂರಿನ ಐಐಎಸ್‌ಸಿಯವರು 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ ಅಸ್ತ್ರ ಅನ್ನೋ ಕೇಂದ್ರ ಶುರು ಮಾಡಿ ಆ ಇಟ್ಟಿಗೆಯ ಮೇಲೆ ಎಷ್ಟೋ ವರ್ಷ ಕೆಲಸ ಮಾಡಿದ್ದಾರೆ. ಅದು ಒಳಗೆ ಕಲಸೋದು. ನಾನು ಹೇಳುತ್ತಿರೋದು ಮೇಲೆ ಬಳಿಯೋದು. ಮಣ್ಣಿನ ಗೋಡೆಗೆ ಸಿಮೆಂಟ್ ಬೇಡ, ಇನ್ನೊಂದು ಸಲ ಹೇಳಿದೆ, ಈಗ ತಲೆಗೆ ಹೋಯಿತಾ?

ಗದಗಿನ ಮನೆ ಅಂದೆನಲ್ಲ. ಅದನ್ನು ಕೆಡವಿದಾಗ ನನಗೆ ಒಂದು ಫೋನ್ ಕೂಡ ಬರಲಿಲ್ಲ. ನನ್ನ ಅಣ್ಣ ನಮ್ಮ ಮನೆಯವರ ಇದೇ ಗ್ರೂಪಿನಲ್ಲಿದ್ದಾನೆ, ಓದಲಿ. ಸಾಗುವಾನಿ ಕಂಬ ಎಂಟು ಇದ್ದವು, ಯಾರಿಗೆ ಕೊಟ್ಟ, ಎಷ್ಟಕ್ಕೆ ಕೊಟ್ಟ, ಇವತ್ತಿನವರೆಗೆ ಲೆಕ್ಕ ಇಲ್ಲ. ಅವ್ವನ ಒರಳುಕಲ್ಲು ನನಗೆ ಇರಲಿ ಅಂತ ಮೊದಲೇ ಹೇಳಿದ್ದೆ. ಪುಣೆಗೆ ಯಾರು ಹೊತ್ತುಕೊಂಡು ಹೋಗುತ್ತಾರೆ ಅಂತ ಅದನ್ನು ಸ್ಲ್ಯಾಬಿನ ಪಾಯಕ್ಕೆ ಹಾಕಿದರಂತೆ. ಪಾಯಕ್ಕೆ! ಈಗ ಆ ಸ್ಲ್ಯಾಬ್ ಮನೆಯಲ್ಲಿ ಎರಡು ಏಸಿ ಹಾಕಿಕೊಂಡು, ಬಿಲ್ ಜಾಸ್ತಿ ಬಂತು ಅಂತ ನನಗೇ ಫೋನ್ ಮಾಡುತ್ತಾನೆ. ಹೋಗಲಿ ಬಿಡು. ಹೆಣ್ಣುಮಕ್ಕಳನ್ನು ಯಾರು ಕೇಳುತ್ತಾರೆ.

ಅಯ್ಯೋ, ನೀನು ಕೇಳಿದ್ದು ಭಾನುವಾರದ ಅಡ್ವಾನ್ಸ್ ಬಗ್ಗೆ ಅಲ್ವಾ. ಕೊಡಬೇಡ. ಕಲಿಯೋಕೆ ಕಳಿಸು, ಜಾಗದ ದುಡ್ಡು ಕೊಡಬೇಡ. ಸಾತ್‌ಬಾರಾ, ಅಂದರೆ ಇಲ್ಲಿಯ ಪಹಣಿ, ತೆಗೆಸಿ ನೋಡು, ಅದು ಹೊಲವಾಗಿದ್ದರೆ ರೈತರ ಹೆಸರಿಲ್ಲದವರಿಗೆ ಇಲ್ಲಿ ಕೊಳ್ಳೋಕೆ ಆಗಲ್ಲ, ಎನ್‌ಎ, ಅಂದರೆ ಕೃಷಿಯೇತರ ಜಾಗ ಆಗಿರಬೇಕು. ಅದಕ್ಕಿಂತ ಮುಖ್ಯ, ಜುಲೈನಲ್ಲಿ ಹೋಗಿ ನಿಂತು ನೋಡಲಿ. ಪುಣೆಯಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಚಿಲ್ಲರೆ ಮಳೆ, ಮುಳಶಿ ದಾಟಿ ತಾಮ್ಹಿಣಿ ಘಾಟಿಗೆ ಹೋದರೆ ಅದರ ಐದು ಪಟ್ಟಿಗೂ ಜಾಸ್ತಿ. ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನೋದು ಮಳೆಯಲ್ಲೇ ಗೊತ್ತಾಗೋದು. ಅಲ್ಲಿ ಕಟ್ಟಿದರೆ ಎರಡಡಿ ಕಲ್ಲಿನ ಕಟ್ಟೆ ಬೇಕು, ಛಾವಣಿಯ ಮಾಡು ಗೋಡೆ ದಾಟಿ ಮೂರಡಿ ಚಾಚಿರಬೇಕು. ಬಾಗಿಲ ತಲೆಯ ಮಟ್ಟದಲ್ಲಿ ಸುತ್ತ ಗೋಡೆಗಳನ್ನೆಲ್ಲ ಒಟ್ಟಿಗೆ ಹಿಡಿಯೋ ಒಂದು ಪಟ್ಟಿ ಬೇಕು. ಕಿಲ್ಲಾರಿಯ ಮನೆಗಳಿಗೆ ಇರದೇ ಹೋದದ್ದು ಅದೇ.

ಕಲಿಯೋದಾದರೆ ವಿಡಿಯೋ ನೋಡಿ ಅಲ್ಲ, ಕಾಲಲ್ಲಿ ಮಣ್ಣು ತುಳಿದು ಕಲಿಯಲಿ. ಪುದುಚೇರಿ ಹತ್ತಿರದ ಆರೋವಿಲ್‌ನ ಅರ್ಥ್ ಇನ್‌ಸ್ಟಿಟ್ಯೂಟ್‌ನಲ್ಲಿ ಇದನ್ನೇ ಕಲಿಸುತ್ತಾರೆ. ಬಿಸಿಲಿನ ಲೆಕ್ಕವನ್ನೂ ಕಲಿತು ಬರಲಿ. ಮಾವ ನಕ್ಷೆ ಬರೆಯೋ ಡ್ರಾಫ್ಟ್ಸ್‌ಮನ್ ಅಲ್ವಾ, ಬಿಸಿಲು ಎಲ್ಲಿವರೆಗೆ ಬಂತು ಅಂತ ನೆಲದ ಮೇಲೆ ಪೆನ್ಸಿಲ್ ಗೆರೆ ಹಾಕಿಡುತ್ತಿದ್ದರು. ಡಿಸೆಂಬರ್ ಮಧ್ಯಾಹ್ನ ಪುಣೆಯ ಸೂರ್ಯ ದಕ್ಷಿಣಕ್ಕೆ ವಾಲಿ 48 ಡಿಗ್ರಿಯಷ್ಟೇ ಏರುತ್ತಾನೆ, ಬಿಸಿಲು ಮಾಡಿನ ಕೆಳಗೆ ನುಗ್ಗಿ ಒಳಗೆ ಬರುತ್ತದೆ. ಮೇ ತಿಂಗಳಲ್ಲಿ ನೆತ್ತಿಯ ಮೇಲೆ, ಹೊಸ್ತಿಲೂ ದಾಟಲ್ಲ. ಕಾಟ ಕೊಡೋದು ಪಶ್ಚಿಮದ ಸಂಜೆ ಬಿಸಿಲು, ಅದಕ್ಕೆ ಯಾವ ಮಾಡೂ ಅಡ್ಡ ಬರಲ್ಲ. ಆ ಕಡೆ ಬಚ್ಚಲು, ಸಾಮಾನಿನ ಕೋಣೆ ಹಾಕಲಿ. ದಪ್ಪ ಗೋಡೆಗೆ ಹಗಲು ಹೀರಿದ ಶಾಖ ಒಳಗೆ ಬರುವಷ್ಟರಲ್ಲಿ ರಾತ್ರಿ ಆಗುತ್ತದೆ, ಆಗ ಕಿಟಕಿ ತೆಗೆದಿಟ್ಟರೆ ಸಾಕು, ಇಲ್ಲಿ ರಾತ್ರಿ ತಂಪು. ಗ್ರೂಪಿನಲ್ಲಿ ಓದುತ್ತಿರೋ ಬಾಂಬೆಯ ಚಿಕ್ಕವಳೇ, ನೀನೂ ಇಂಥ ಮನೆ ಬೇಕು ಅನ್ನಬೇಡ. ನಿಮ್ಮಲ್ಲಿ ರಾತ್ರಿಯೂ ಬೆವರು, ನಿಮಗೆ ದಪ್ಪ ಗೋಡೆಗಿಂತ ಗಾಳಿ ಮುಖ್ಯ.

ಬೇಬಿ, ಚಿನ್ನಿ ಈ ವಾರ ಬರುವಾಗ ಆ ಜಾಗದ ಮಣ್ಣು ತರಲಿ. ಮೇಲಿನ ಹುಲ್ಲುಬೇರಿನ ಮಣ್ಣಲ್ಲ, ಎರಡಡಿ ಅಗೆದು ಕೆಳಗಿನದು. ಕಪ್ಪಗೆ ಎರೆಮಣ್ಣಿನ ಹಾಗಿದ್ದರೆ ತರೋದೇ ಬೇಡ, ಅದು ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುತ್ತದೆ, ಗೋಡೆಗೆ ಆಗಲ್ಲ. ಕೆಂಪು ಇದ್ದರೆ ಬಾಟಲಿಯಲ್ಲಿ ಮೂರನೇ ಒಂದು ಪಾಲು ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದು ರಾತ್ರಿ ಇಟ್ಟರೆ ಮರಳು ಅಡಿಯಲ್ಲಿ, ಜೇಡಿ ಮೇಲೆ ಕೂರುತ್ತದೆ, ಯಾವುದು ಎಷ್ಟು ಅಂತ ಕಣ್ಣಿಗೇ ಕಾಣುತ್ತದೆ. ನಾನೇ ನೋಡಿ ಹೇಳುತ್ತೇನೆ. ಬಾಟಲಿ ನೇರ ಮೈಯದ್ದಿರಲಿ, ಗಾಜಿನದು. ಕಳೆದ ಸಲ ನಿನಗೆ ಮಾವಿನ ಉಪ್ಪಿನಕಾಯಿ ಕೊಟ್ಟಿದ್ದೆನಲ್ಲ, ಅದೇ ಆಗುತ್ತದೆ, ತೊಳೆದು ಕಳಿಸು.